ಮೊದಲ ಕೌದಿ ಹೊಲಿಯುವವರಿಗೆ

ಶೇಂಗಾ ಕಿತ್ತು, ಕಾಯಿ ಒಣಗಿಸಿ ಚೀಲ ಕಟ್ಟಿದ ಮೇಲೆ ಕೊಂಡ್ಲಹಳ್ಳಿಯ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಕೆಲಸ ಕಡಿಮೆ. ಕೌದಿ ಕಲಿಯಲು ಇದೇ ತಕ್ಕ ಕಾಲ. ಹೊಸಬರು ದೊಡ್ಡ ಕೌದಿಗೆ ಕೈ ಹಾಕಿ ಅರ್ಧಕ್ಕೇ ಬಿಡುವುದುಂಟು. ಎರಡು ಮೊಳ ಉದ್ದದ ಕೂಸಿನ ಕೌದಿಯಿಂದ ಆರಂಭಿಸಿರಿ.

ಹಳೆಯ ನೂಲಿನ ಸೀರೆ, ಪಂಚೆ ಉತ್ತಮ. ಬೆವರು ಹೀರುತ್ತವೆ, ಸೂಜಿ ಸಲೀಸಾಗಿ ಇಳಿಯುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆ ಎಷ್ಟೇ ಹಳೆಯದಾದರೂ ಇದಕ್ಕೆ ಬೇಡ, ಜಾರುತ್ತದೆ. ಔಷಧಿ ಸಿಂಪಡಿಸುವಾಗ ತೊಟ್ಟ ಅಂಗಿ, ತಲೆಗೆ ಸುತ್ತಿದ ವಲ್ಲಿ, ಬೀಜೋಪಚಾರ ಮಾಡಿದ ಬೀಜ ತುಂಬಿದ್ದ ಚೀಲ ಇವನ್ನಂತೂ ಎಂದಿಗೂ ಸೇರಿಸಬಾರದು. ಹಲವು ಬಾರಿ ಒಗೆದರೂ ಕೀಟನಾಶಕದ ಅಂಶ ಬಟ್ಟೆಯಲ್ಲಿ ಉಳಿಯಬಹುದು. ಕೂಸು ಕೌದಿಯ ಅಂಚನ್ನು ಬಾಯಿಗಿಡುತ್ತದೆ. ಹೆಣ್ಣುಮಕ್ಕಳ ಕೆಲಸವೆಂದು ಪುಟ ತಿರುಗಿಸುವ ಗಂಡಸರೇ, ಆ ಅಂಗಿ ಯಾವುದೆಂದು ಗುರುತಿಸಿ ಬೇರೆ ಇಡಬೇಕಾದವರು ನೀವು.

ಆರಿಸಿದ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ. ಮೊದಲೇ ಕುಗ್ಗದಿದ್ದರೆ ಹೊಲಿದ ಮೇಲೆ ಸುಕ್ಕಾಗುತ್ತದೆ. ಮೂರು ನಾಲ್ಕು ಪದರ ಸಾಕು. ಪದರಗಳ ನಡುವೆ ನಿಂತ ಗಾಳಿಯೇ ಬೆಚ್ಚಗಿಡುವುದು. ನೆಲದ ಮೇಲೆ ಹರಡಿ, ನಡುವಿನಿಂದ ಅಂಚಿನತ್ತ ಉದ್ದವಾದ ಕಚ್ಚಾ ಹೊಲಿಗೆ ಹಾಕಿರಿ. ಬಳಿಕ ಅಂಚು ಮಡಿಚಿ, ಅಲ್ಲಿಂದ ಸುತ್ತುಸುತ್ತಾಗಿ ಒಳಕ್ಕೆ ಸಣ್ಣ ಹೊಲಿಗೆ ಹಾಕುತ್ತ ಬನ್ನಿರಿ. ಸಾಲಿಗೂ ಸಾಲಿಗೂ ಒಂದು ಬೆರಳ ಅಂತರವಿರಲಿ. ಹಳಿಯಾಳ, ಯಲ್ಲಾಪುರದ ಸಿದ್ದಿ ಮಹಿಳೆಯರು ತಮ್ಮ ‘ಕವಂದಿ’ಯನ್ನೂ ಹೀಗೆಯೇ ಅಂಚಿನಿಂದ ಹೊಲಿದು, ಮೂಲೆಗಳಿಗೆ ‘ಫುಲಾ’ ಎಂಬ ಬಟ್ಟೆಯ ಮುಕ್ಕೋನ ಇಡುತ್ತಾರೆ.

ದಾರ ತೀರ ಉದ್ದವಾದರೆ ಗಂಟಾಗುತ್ತದೆ. ಸಾಲು ಸೊಟ್ಟಗಾದರೆ ಬಿಚ್ಚಬೇಡಿರಿ. ಎಳೆತ ಬಿಗಿಯಾಗಿ ಬಟ್ಟೆ ಮುದುಡಿದ ಕಡೆ ಮಾತ್ರ ಬಿಚ್ಚಿ ಹೊಲಿಯಿರಿ.