‘ಕಿವಿಗೆ ಅಭ್ಯಾಸವಾಗಿದೆ’ ಎನ್ನುವವರು ಗಮನಿಸತಕ್ಕ ಸಂಗತಿಗಳು

ಬೃಹನ್ಮುಂಬಯಿಯ ಉತ್ತರದಂಚಿನ ದಹಿಸರ್‌ನಲ್ಲಿ, ಚೆಕ್‌ನಾಕಾದ ಲಾರಿಗಳ ಹಾರ್ನು, ಲೋಕಲ್ ಗಾಡಿಗಳ ಗಡಗಡ ಇವುಗಳ ನಡುವೆಯೇ ಬಾಳುವ ನಮ್ಮ ಜನ, ಭಾದ್ರಪದದಲ್ಲಿ ಗಣೇಶ ವಿಸರ್ಜನೆಯ ಢೋಲ್-ತಾಶಾಗಳ ಮುಂದೆ ಗಂಟೆಗಟ್ಟಲೆ ನಿಂತು, “ನಮ್ಮ ಕಿವಿಗೆ ಇದೆಲ್ಲ ಅಭ್ಯಾಸವಾಗಿದೆ” ಎಂದು ನಿಶ್ಚಿಂತರಾಗುವುದುಂಟು. ಈ ಮಾತಿಗೆ ವಿಜ್ಞಾನದ ಆಧಾರ ಕೊಂಚ ಇದೆಯಾದರೂ, ಅದನ್ನು ನೆಚ್ಚಿ ಕಿವಿಯನ್ನು ಅಬ್ಬರಕ್ಕೊಡ್ಡುವಷ್ಟು ಇಲ್ಲ.

1988ರಲ್ಲಿ ಸ್ವೀಡನ್ನಿನ ಬಾರ್ಬರಾ ಕ್ಯಾನ್‌ಲನ್ ಮತ್ತು ಸಂಗಡಿಗರು ಗಿನಿಯಿಲಿಗಳಿಗೆ 24 ದಿನ 81 ಡೆಸಿಬೆಲ್‌ನ ನಾದವನ್ನು ಕೇಳಿಸಿ, ತರುವಾಯ 105 ಡೆಸಿಬೆಲ್‌ನ ನಾದಕ್ಕೆ 72 ಗಂಟೆ ಒಡ್ಡಿದಾಗ, ಪೂರ್ವಾಭ್ಯಾಸವಿದ್ದ ಪ್ರಾಣಿಗಳ ಶ್ರವಣನಷ್ಟವು ಉಳಿದವುಗಳದಕ್ಕಿಂತ ಸುಮಾರು 20 ಡೆಸಿಬೆಲ್‌ನಷ್ಟು ಕಡಿಮೆಯಾಗಿತ್ತು. ಮಿದುಳಿನಿಂದ ಒಳಕಿವಿಗೆ ಇಳಿದುಬರುವ ನರತಂತುಗಳೂ, ಉತ್ಕರ್ಷಣವನ್ನು ತಡೆಯುವ ಕಿಣ್ವಗಳೂ ಈ ರಕ್ಷಣೆಯಲ್ಲಿ ಪಾಲುಗೊಳ್ಳುತ್ತವೆಂಬುದು ತಜ್ಞರ ಊಹೆ. ಆದರೆ ಆ ಪೂರ್ವನಾದವು ಸ್ವತಃ ಹಾನಿಕರವಾಗಿರಲಿಲ್ಲ. ಮೆರವಣಿಗೆಯ ಅಬ್ಬರವಾದರೋ ಪ್ರತಿಸಲವೂ ಒಳಕಿವಿಯಲ್ಲಿ ಶಬ್ದವನ್ನು ಗ್ರಹಿಸುವ ಕೇಶಕೋಶಗಳನ್ನು ನಾಶಮಾಡಬಲ್ಲುದು, ಮತ್ತು ಮನುಷ್ಯನಲ್ಲಿ ಸತ್ತ ಕೇಶಕೋಶ ಮರಳಿ ಹುಟ್ಟದು. ಗದ್ದಲವು ಮೊದಲಿನಂತೆ ಬಾಧಿಸುವುದಿಲ್ಲವೆಂದರೆ ಕಿವಿ ಆಗಲೇ ಮಂದವಾಗಿರಲೂಬಹುದು. ಆದುದರಿಂದ ಹೀಗೆ ಮಾಡತಕ್ಕದ್ದು:

1. ಶಬ್ದವನ್ನು ಅಳೆಯಿರಿ. ಒಂದು ಮಾರು ದೂರದಲ್ಲಿರುವವರೊಡನೆ ಕೂಗಿ ಮಾತಾಡಬೇಕಾಗಿ ಬಂದರೆ, ಅಲ್ಲಿಯ ಸದ್ದು 85 ಡೆಸಿಬೆಲ್ಲನ್ನು ಮುಟ್ಟಿದೆಯೆಂದೇ ಭಾವಿಸಿ.

2. ಕಾಲವನ್ನು ಮಿತಗೊಳಿಸಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆಯಂತೆ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ ಮಿತಿ. 3 ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತ, 100 ಡೆಸಿಬೆಲ್‌ಗೆ 15 ನಿಮಿಷವಷ್ಟೇ ಉಳಿಯುತ್ತದೆ.

3. ದೂರ ಸರಿಯಿರಿ. ಬಯಲಿನಲ್ಲಿ ಅಂತರ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬೆಲ್ ತಗ್ಗುತ್ತದೆ. ಮಕ್ಕಳನ್ನು ಧ್ವನಿವರ್ಧಕದ ಬಳಿ ನಿಲ್ಲಿಸಕೂಡದು.

4. ಫೋಮಿನ ಇಯರ್‌ಪ್ಲಗ್ ಧರಿಸಿ. ಅದನ್ನು ಬೆರಳಿನಲ್ಲಿ ಹೊಸೆದು ಸಪುರಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿರಿಸಿ, ಅರಳುವ ತನಕ ಅರ್ಧ ನಿಮಿಷ ಒತ್ತಿಹಿಡಿಯಿರಿ. ಬರಿಯ ಹತ್ತಿ ಸಾಲದು.

5. ಬಳಿಕ ವಿಶ್ರಾಂತಿ ಕೊಡಿ. ಆ ರಾತ್ರಿ ಇಯರ್‌ಫೋನಿನ ಗೋಜಿಗೆ ಹೋಗದಿರುವುದು ಲೇಸು. ಚೆಂಡೆಯ ಅಭ್ಯಾಸಿಗಳೂ ನಡುನಡುವೆ ಬಿಡುವು ಕೊಡಲಿ.

6. ಪರೀಕ್ಷೆ ಮಾಡಿಸಿ. ಕಿವಿಯ ಮೊರೆತ ಮರುದಿನವೂ ನಿಲ್ಲದಿದ್ದರೆ ಆಡಿಯೋಗ್ರಾಮ್ ಅವಶ್ಯ. ಬಾಂದ್ರಾದಲ್ಲಿ ಇದಕ್ಕೆಂದೇ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ. ಕಿವಿ ಹಠಾತ್ತನೆ ಕೇಳದಾದರೆ ಮಾತ್ರ, ತಾನೇ ಸರಿಹೋದೀತೆಂದು ಕಾಯದೆ, ಅಂದೇ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣತಕ್ಕದ್ದು.