ಆಳಗಡಲಿನ ಕಪ್ಪೆಚಿಪ್ಪುಗಳ ಕುಲನಿರ್ಣಯ: ಒಂದು ಲಕ್ಷಣವಿಚಾರ

ಲಕ್ಷಣವನ್ನರಿಯದೆ ಲಕ್ಷ್ಯವನ್ನು ಗುರುತಿಸಲಾಗದೆಂಬುದು ಎಲ್ಲ ಶಾಸ್ತ್ರಗಳಿಗೂ ಸಮಾನವಾದ ನಿಯಮ. ತರ್ಕಶಾಸ್ತ್ರದ ಅಭ್ಯಾಸಕ್ಕೆ ತೊಡಗುವ ಬಾಲಕನಿಗೆ ಗುರುವು ಹೇಳಿಕೊಡುವ ದೃಷ್ಟಾಂತ ಹಸುವಿನದು. ‘ಕೊಂಬುಳ್ಳದ್ದು ಹಸು’ ಎಂದರೆ ಎಮ್ಮೆಯೂ ಹಸುವಾಗಿಬಿಡುತ್ತದೆ, ಇದು ಅತಿವ್ಯಾಪ್ತಿ. ‘ಕಪಿಲವರ್ಣದ್ದು ಹಸು’ ಎಂದರೆ ಬಿಳಿಯ ಹಸುವೂ ಕರಿಯ ಹಸುವೂ ಹೊರಗುಳಿಯುತ್ತವೆ, ಇದು ಅವ್ಯಾಪ್ತಿ. ‘ಒಂಟಿಗೊರಸಿನದು ಹಸು’ ಎಂದರೆ ಯಾವ ಹಸುವಿಗೂ ಅನ್ವಯಿಸದು, ಇದು ಅಸಂಭವ. ‘ಗಂಗೆದೊಗಲುಳ್ಳದ್ದು ಹಸು’ ಎಂದಾಗ ಮೂರು ದೋಷಗಳೂ ನೀಗಿ ಲಕ್ಷಣವು ನಿಲ್ಲುತ್ತದೆ.

ಈ ವಿವೇಚನೆ ಓಲೆಗರಿಗಳಲ್ಲಿಯೇ ಉಳಿದ ಹಳೆಯ ಮಾತಲ್ಲ. ಕಡಲಿನ ಆಳದಲ್ಲಿ ಬಾಳಿ ಅಳಿದು, ಕಲ್ಲಿನೊಳಗೆ ಕಲ್ಲಾಗಿ ಉಳಿದ ಕಪ್ಪೆಚಿಪ್ಪುಗಳನ್ನು ವಿಂಗಡಿಸುವ ವಿಜ್ಞಾನಿಯೂ ಪ್ರತಿದಿನ ಎದುರಿಸುವ ದೋಷಗಳು ಇವೇ. ಅವನ ಮುಂದೆ ಜೀವಿಯಿಲ್ಲ, ಮಾಂಸವಿಲ್ಲ, ಬಣ್ಣವಿಲ್ಲ, ಇರುವುದು ಚಿಪ್ಪೊಂದೇ. ಅದನ್ನು ಓದಿ ಅದರ ಕುಲವನ್ನು ಹೇಳಬೇಕು. ಓದು ತಪ್ಪಿದರೆ ಹೆಸರು ತಪ್ಪುತ್ತದೆ. ಹೆಸರು ತಪ್ಪಿದರೆ ಭೂಮಿಯ ಚರಿತ್ರೆಯೇ ತಪ್ಪುತ್ತದೆ.

ಲಕ್ಕೂರಿನ ಕಲ್ಲು, ಅರಿಯಲೂರಿನ ಕಲ್ಲು

ಮಾಲೂರು ತಾಲ್ಲೂಕಿನ ಲಕ್ಕೂರಿನ ಸುತ್ತಣ ಬಂಡೆಗಳಲ್ಲಿ ಕಪ್ಪೆಚಿಪ್ಪಿನ ಪಳೆಯುಳಿಕೆಯನ್ನು ಹುಡುಕಿ ಫಲವಿಲ್ಲ. ಕೋಲಾರ ಸೀಮೆಯ ಶಿಲೆಗಳ ವಯಸ್ಸು ಇನ್ನೂರೈವತ್ತು ಕೋಟಿ ವರ್ಷಗಳನ್ನು ಮೀರಿದ್ದು. ಚಿಪ್ಪುಳ್ಳ ಪ್ರಾಣಿಗಳು ಭೂಮಿಯ ಮೇಲೆ ಕಾಣಿಸಿಕೊಂಡದ್ದು ಸುಮಾರು ೫೪ ಕೋಟಿ ವರ್ಷಗಳ ಹಿಂದೆ. ಆದ್ದರಿಂದ ಈ ಬಂಡೆಗಳು ಹುಟ್ಟಿದಾಗ ಅವುಗಳಲ್ಲಿ ಹುದುಗಲು ಚಿಪ್ಪೇ ಇರಲಿಲ್ಲ.

ಆದರೆ ಇಲ್ಲಿಂದ ತೆಂಕಣಕ್ಕೆ, ತಮಿಳುನಾಡಿನ ಅರಿಯಲೂರು ಮತ್ತು ಪೆರಂಬಲೂರು ಸೀಮೆಗೆ ಹೋದರೆ ನೆಲದ ಕಥೆಯೇ ಬೇರೆ. ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ, ಕ್ರಿಟೇಷಸ್ ಕಲ್ಪದಲ್ಲಿ, ಸಮುದ್ರವು ಆ ನೆಲವನ್ನು ಆವರಿಸಿತ್ತು. ಕಾಯೆ ಮತ್ತು ಕನ್‌ಲಿಫ್ ಎಂಬವರು ಅಲ್ಲಿಂದ ಸಂಗ್ರಹಿಸಿದ ಚಿಪ್ಪುಗಳನ್ನು ಎಡ್ವರ್ಡ್ ಫೋರ್ಬ್ಸ್ ೧೮೪೬ರಲ್ಲಿ ವರ್ಣಿಸಿದನು. ಅನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಎಚ್. ಎಫ್. ಬ್ಲ್ಯಾನ್‌ಫರ್ಡ್ ಆ ಸ್ತರಗಳ ನಕ್ಷೆ ತಯಾರಿಸಿದನು. ಮೊರೇವಿಯಾದಲ್ಲಿ ಹುಟ್ಟಿ ಕಲ್ಕತ್ತೆಗೆ ಬಂದು ನೆಲೆಸಿದ ಫರ್ಡಿನಾಂಡ್ ಸ್ಟೊಲಿಚ್ಕನು ೧೮೭೧ರಲ್ಲಿ ಮುಗಿದ ಮಹಾಸಂಪುಟವೊಂದನ್ನು ಈ ಸೀಮೆಯ ಕಪ್ಪೆಚಿಪ್ಪುಗಳಿಗಾಗಿಯೇ ಮೀಸಲಿಟ್ಟನು. ೧೮೭೪ರಲ್ಲಿ, ಯಾರ್ಕಂದದ ಯಾತ್ರೆಯಿಂದ ಹಿಂದಿರುಗುವಾಗ ಲಡಾಖದ ದಾರಿಯಲ್ಲಿ ಮೂವತ್ತಾರರ ಪ್ರಾಯದಲ್ಲಿಯೇ ಅವನು ತೀರಿಕೊಂಡನು. ಅವನ ಲಕ್ಷಣಗ್ರಂಥವಾದರೋ ಇಂದಿಗೂ ಅಭ್ಯಾಸಿಗಳ ಕೈಪಿಡಿಯಾಗಿದೆ. ಅಲ್ಲಿನ ಗರುಡಮಂಗಲದಲ್ಲಿ ದೊರೆಯುವ, ಚಿಪ್ಪುಗಳಿಂದಲೇ ತುಂಬಿದ ಸುಣ್ಣಕಲ್ಲು ‘ತಿರುಚ್ಚಿರಾಪಳ್ಳಿ ಅಮೃತಶಿಲೆ’ ಎಂಬ ಹೆಸರಿನಿಂದ ಅಲಂಕಾರದ ಕಲ್ಲಾಗಿ ಪ್ರಸಿದ್ಧವಾಯಿತು.

ಈ ವಿಷಯದಲ್ಲಿ ಕನ್ನಡನಾಡಿನ ಪಾಲೂ ಉಂಟು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೂವಿಜ್ಞಾನ ಪ್ರಾಧ್ಯಾಪಕ ಎಲ್. ರಾಮರಾಯರು ಜೂಲಿಯಸ್ ಪಿಯಾ ಎಂಬ ವಿದ್ವಾಂಸನೊಡನೆ ಅದೇ ಸೀಮೆಯ ನಿನಿಯೂರು ಸ್ತರಗಳಲ್ಲಿ ದೊರೆತ ಪಾಚಿಗಳ ಪಳೆಯುಳಿಕೆಗಳನ್ನು ೧೯೩೬ರಲ್ಲಿ ವರ್ಣಿಸಿದರು. ಅಂದು ಕ್ರಿಟೇಷಸ್ ಕಲ್ಪದ ತುತ್ತತುದಿಯೆಂದು ಎಣಿಸಿದ್ದ ಆ ಸ್ತರಗಳನ್ನು ಇಂದು ಆ ಕಲ್ಪ ಮುಗಿದ ಮೇಲಿನವೆಂದು ಗ್ರಹಿಸಲಾಗಿದೆ. ಕಾಲದ ಗಡಿಯನ್ನು ಹಾಕುವವು ಇಂತಹ ಸಣ್ಣ ಜೀವಿಗಳೇ.

ಚಿಪ್ಪಿನ ಅವಯವಗಳು

ಕಪ್ಪೆಚಿಪ್ಪು ಮೃದ್ವಂಗಿಗಳ ವರ್ಗಕ್ಕೆ ಸೇರಿದ್ದು. ಎರಡು ಹೋಳುಗಳು ಬೆನ್ನಿನ ಕಡೆ ಕೀಲುಗೂಡಿ ಬಾಗಿಲಿನಂತೆ ತೆರೆದು ಮುಚ್ಚುತ್ತವೆ. ಪಂಡಿತನು ಪದವನ್ನು ಪ್ರಕೃತಿ ಪ್ರತ್ಯಯಗಳಾಗಿ ಬಿಡಿಸುವಂತೆ ಚಿಪ್ಪನ್ನೂ ಅಂಗಾಂಗವಾಗಿ ಬಿಡಿಸಿ ನೋಡಬೇಕು.

ಮೊದಲನೆಯದು ಆಕಾರ: ದುಂಡು, ನೀಳ, ಉಬ್ಬು, ಚಪ್ಪಟೆ. ಎರಡನೆಯದು ಹೊರಮೈಯ ಗೆರೆಗಳು. ಅಂಚಿಗೆ ಸಮನಾಗಿ ಸುತ್ತುವ ಬೆಳವಣಿಗೆಯ ಗೆರೆಗಳು ಒಂದು ಬಗೆ. ನೆತ್ತಿಯಿಂದ ಅಂಚಿಗೆ ಇಳಿಯುವ ಏಣುಗಳು ಇನ್ನೊಂದು ಬಗೆ. ಮೂರನೆಯದು ಕೀಲಿನ ಹಲ್ಲುಗಳು. ಒಂದು ಹೋಳಿನ ಹಲ್ಲು ಇನ್ನೊಂದರ ಗುಳಿಯಲ್ಲಿ ಕೂರುತ್ತದೆ. ಕೆಲವು ಕುಲಗಳಲ್ಲಿ ಬಾಚಣಿಗೆಯಂತೆ ಸಾಲುಗಟ್ಟಿದ ಅನೇಕ ಸಣ್ಣ ಹಲ್ಲುಗಳು. ಕೆಲವುಗಳಲ್ಲಿ ನೆತ್ತಿಯ ಕೆಳಗೆ ಕವಲೊಡೆದು ನಿಂತ ಎರಡು ಮೂರು ಬಲವಾದ ಹಲ್ಲುಗಳು. ಇನ್ನು ಕೆಲವುಗಳಲ್ಲಿ ಹಲ್ಲೇ ಇಲ್ಲ.

ನಾಲ್ಕನೆಯದು ಒಳಮೈಯ ಗುರುತುಗಳು. ಹೋಳುಗಳನ್ನು ಬಿಗಿದು ಮುಚ್ಚುವ ಸ್ನಾಯುಗಳು ಅಂಟಿದ್ದೆಡೆಯಲ್ಲಿ ಕಲೆಗಳು ಉಳಿಯುತ್ತವೆ. ಮೈಯನ್ನು ಹೊದ್ದಿದ್ದ ತೆಳುವಾದ ಕಂಚುಕವು ಚಿಪ್ಪಿಗೆ ಅಂಟಿದ ಕಡೆ ಒಂದು ರೇಖೆ ಮೂಡುತ್ತದೆ. ನೀರು ಸೇದುವ ನಳಿಗೆಯನ್ನು ಒಳಕ್ಕೆ ಎಳೆದುಕೊಳ್ಳುವ ಪ್ರಾಣಿಯಾದರೆ ಆ ರೇಖೆ ಹಿಂಬದಿಯಲ್ಲಿ ಒಳಕ್ಕೆ ಬಾಗಿರುತ್ತದೆ. ಹೀಗೆ ಜೀವಿಯಳಿದು ಕೋಟಿ ವರ್ಷ ಕಳೆದರೂ ಅದರ ಬಾಳಿನ ರೀತಿ ಚಿಪ್ಪಿನ ಒಳಮೈಯಲ್ಲಿ ಬರೆದಿರುತ್ತದೆ.

ಇಲ್ಲೊಂದು ತೊಡಕು. ಹೊರಮೈ ಸುಲಭವಾಗಿ ಕಾಣುತ್ತದೆ. ಕೀಲೂ ಕಲೆಗಳೂ ಕಲ್ಲಿನೊಳಗೆ ಅಡಗಿರುತ್ತವೆ. ಎಷ್ಟೋ ವೇಳೆ ಚಿಪ್ಪಿನ ಸುಣ್ಣವೇ ಕರಗಿಹೋಗಿ, ಎರಕದ ಅಚ್ಚಿನಂತೆ ಒಳಗಿನ ಪಡಿಯಚ್ಚು ಮಾತ್ರ ಉಳಿದಿರುತ್ತದೆ. ಆಗ ಸೂಜಿಯಿಂದ ಕಲ್ಲನ್ನು ಕಣಕಣವಾಗಿ ಬಿಡಿಸಿ, ರಬ್ಬರಿನಲ್ಲಿ ಪ್ರತಿರೂಪ ತೆಗೆದು ನೋಡಬೇಕಾಗುತ್ತದೆ. ತಾಳ್ಮೆಯಿಲ್ಲದವನು ಹೊರಗಿನ ಆಕಾರವನ್ನೇ ನಂಬುತ್ತಾನೆ. ಅತಿವ್ಯಾಪ್ತಿದೋಷಕ್ಕೆ ಬಾಗಿಲು ತೆರೆಯುವುದು ಅಲ್ಲಿಯೇ.

ಬೆಳಕಿಲ್ಲದ ಲೋಕದ ಚಿಪ್ಪುಗಳು

೧೯೭೭ರಲ್ಲಿ ಆಲ್ವಿನ್ ಎಂಬ ಜಲಾಂತರ್ಯಾನದಲ್ಲಿ ಕುಳಿತು ಗಲಪಗಸ್ ದ್ವೀಪಗಳ ಸಮೀಪ ಸುಮಾರು ಎರಡೂವರೆ ಸಾವಿರ ಮೀಟರುಗಳ ಆಳಕ್ಕೆ ಇಳಿದ ವಿಜ್ಞಾನಿಗಳು ಕಡಲತಳದ ಬಿಸಿನೀರಿನ ಬುಗ್ಗೆಗಳ ಸುತ್ತ ದೊಡ್ಡ ದೊಡ್ಡ ಬಿಳಿಯ ಕಪ್ಪೆಚಿಪ್ಪುಗಳನ್ನು ಕಂಡರು. ಸೂರ್ಯನ ಕಿರಣ ಮುಟ್ಟದ ಎಡೆಯಲ್ಲಿ ಅವುಗಳಿಗೆ ಆಹಾರವೆಲ್ಲಿಯದು? ಕೊಳೆತ ಮೊಟ್ಟೆಯ ನಾತವುಳ್ಳ, ಇತರ ಪ್ರಾಣಿಗಳಿಗೆ ವಿಷವಾದ ಗಂಧಕದ ಅನಿಲವೇ ಇವುಗಳ ಬಾಳಿಗೆ ಮೂಲ. ಪ್ರಾಣಿಯು ತನ್ನ ಪಾದವನ್ನು ಬಿರುಕಿಗೋ ಕೆಸರಿಗೋ ಇಳಿಬಿಟ್ಟು ಗಂಧಕವನ್ನು ಹೀರುತ್ತದೆ. ಕಿವಿರುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಅದರಿಂದ ಶಕ್ತಿಯನ್ನು ಪಡೆದು ಅನ್ನವನ್ನು ಅಣಿಮಾಡುತ್ತವೆ. ಆದ್ದರಿಂದಲೇ ಇವುಗಳ ಜೀರ್ಣಾಂಗವು ಕುಗ್ಗಿಹೋಗಿದೆ.

ಈ ಕುಟುಂಬಕ್ಕೆ ವೆಸಿಕೊಮಿಯಿಡೆ ಎಂದು ಹೆಸರು. ಬುಗ್ಗೆಗಳ ಬಳಿ ಮಾತ್ರವಲ್ಲ, ಕಡಲತಳದಿಂದ ಮೀಥೇನ್ ಅನಿಲವು ತಣ್ಣಗೆ ಒಸರುವ ಕಡೆಗಳಲ್ಲಿಯೂ ಇವು ಬಾಳುತ್ತವೆ. ಡಾಲ್ ಎಂಬ ವಿದ್ವಾಂಸನು ೧೮೯೧ರಲ್ಲಿಯೇ ಇದರೊಳಗೆ ಕ್ಯಾಲಿಪ್ಟೊಜೀನ ಎಂಬ ಕುಲವನ್ನು ಸ್ಥಾಪಿಸಿದ್ದನು. ಗಲಪಗಸ್ ಬುಗ್ಗೆಗಳ ದೈತ್ಯ ಚಿಪ್ಪಿಗೆ ಬಾಸ್ ಮತ್ತು ರೂತ್ ಟರ್ನರ್ ಎಂಬ ವಿದ್ವಾಂಸರು ೧೯೮೦ರಲ್ಲಿ ಕ್ಯಾಲಿಪ್ಟೊಜೀನ ಮ್ಯಾಗ್ನಿಫಿಕ ಎಂದು ಹೆಸರಿಟ್ಟರು. ದೊಡ್ಡದಾಗಿ, ಬೆಳ್ಳಗೆ, ನೀಳವಾಗಿ ಕಂಡ ಚಿಪ್ಪುಗಳೆಲ್ಲವೂ ಕ್ರಮೇಣ ಈ ಕುಲದಲ್ಲಿಯೇ ಸೇರುತ್ತ ಹೋದವು. ಆಮೇಲೆ ಜೀವಂತ ಪ್ರಾಣಿಗಳ ಆನುವಂಶಿಕ ದ್ರವ್ಯವನ್ನು ಪರೀಕ್ಷಿಸಿದಾಗ, ಒಂದೇ ಹೆಸರನ್ನು ಹೊತ್ತವುಗಳಲ್ಲಿ ಹಲವು ದೂರದ ನಂಟರೆಂದು ತಿಳಿದುಬಂದಿತು. ಒಂದೇ ಬಗೆಯ ಬಾಳು ಒಂದೇ ಬಗೆಯ ಆಕಾರವನ್ನು ಕೊಟ್ಟಿತ್ತು. ಸಮಾನರೂಪವೇ ಸಮಾನಕುಲವೆಂದು ಭ್ರಮೆಯಾಗಿತ್ತು. ಆದ್ದರಿಂದ ಕೀಲುಹಲ್ಲುಗಳ ಕವಲು, ನೆತ್ತಿಯ ಕೆಳಗಣ ಗುಳಿ, ಕಂಚುಕರೇಖೆಯ ಬಾಗು ಇವುಗಳನ್ನು ಮತ್ತೆ ತೂಗಿ ನೋಡಿ ಕುಲಗಳನ್ನು ಬೇರ್ಪಡಿಸಿದರು. ಶುದ್ಧ ಕ್ಯಾಲಿಪ್ಟೊಜೀನ ಕುಲದಲ್ಲಿ ಕಂಚುಕರೇಖೆಗೆ ಬಾಗಿಲ್ಲವೆಂಬುದು ಒಂದು ಗುರುತಾಯಿತು. ೨೦೨೦ರಲ್ಲಿ ಗಲಪಗಸಿನ ದೈತ್ಯಚಿಪ್ಪಿಗೆ ಟರ್ನರೊಕಾಂಕ ಎಂಬ ಹೊಸ ಕುಲನಾಮ ಬಂದಿತು. ಅದನ್ನು ಮೊದಲು ವರ್ಣಿಸಿದ ವಿದುಷಿಯ ಹೆಸರೇ ಅದರ ಹೆಸರಾಯಿತು.

ಒಂದು ಗುರುತಿನ ಮೇಲೆ ನಿಂತ ಚರಿತ್ರೆ

ಹೆಸರು ಬದಲಾದರೆ ನಷ್ಟವೇನೆಂದು ಕೇಳುವವರುಂಟು. ಜಪಾನಿನ ಹೊಕ್ಕೈಡೊ ದ್ವೀಪದ ವಾದವನ್ನು ನೋಡಿದರೆ ಉತ್ತರ ದೊರೆಯುತ್ತದೆ. ಅಲ್ಲಿನ ಕ್ರಿಟೇಷಸ್ ಶಿಲೆಗಳಲ್ಲಿ, ಹಿಂದೆ ಮೀಥೇನ್ ಒಸರಿದ್ದ ಎಡೆಗಳಲ್ಲಿ, ದೊರೆತ ಕೆಲವು ಚಿಪ್ಪುಗಳನ್ನು ವೆಸಿಕೊಮಿಯಿಡೆ ಕುಟುಂಬದವೆಂದು ವರದಿ ಮಾಡಲಾಗಿತ್ತು. ಅದು ನಿಜವಾದರೆ, ೬.೬ ಕೋಟಿ ವರ್ಷಗಳ ಹಿಂದೆ ಡೈನೊಸಾರುಗಳನ್ನು ಅಳಿಸಿದ ಮಹಾವಿಪತ್ತನ್ನು ಈ ಕುಟುಂಬವು ಆಳಗಡಲಿನಲ್ಲಿ ಅಡಗಿ ದಾಟಿತೆಂದು ಹೇಳಬೇಕಾಗುತ್ತದೆ. ಕಡಲಿನ ತಳವು ಪ್ರಾಚೀನ ಜೀವಿಗಳ ಆಶ್ರಯಸ್ಥಾನವೆಂಬ ವಾದಕ್ಕೆ ಇದೊಂದು ಕಂಬವಾಗುತ್ತಿತ್ತು.

೨೦೦೮ರಲ್ಲಿ ಪ್ರಕಟವಾದ ಕೀಲ್, ಅಮಾನೊ ಮತ್ತು ಜೆಂಕಿನ್ಸ್ ಎಂಬವರ ಅಧ್ಯಯನವು ಹೊಕ್ಕೈಡೊದ ಚಿಪ್ಪುಗಳನ್ನು ಪುನಃ ಪರಿಶೀಲಿಸಿತು. ಕ್ರಿಟೇಷಸ್ ಕಾಲದ ವೆಸಿಕೊಮಿಯಿಡೆಗೆ ಅದರಲ್ಲಿ ಸಮರ್ಥನೆ ದೊರೆಯಲಿಲ್ಲ. ಗಂಧಕವನ್ನೇ ನಂಬಿ ಬಾಳುವ ಕುಟುಂಬಗಳು ಬೇರೆಯೂ ಇವೆ. ಲೂಸಿನಿಡೆ ಎಂಬುದು ಅವುಗಳಲ್ಲೊಂದು. ಅದರ ಮುಂಬದಿಯ ಸ್ನಾಯುಕಲೆ ನೀಳವಾಗಿ, ಕಂಚುಕರೇಖೆಯಿಂದ ಬಿಡಿಸಿಕೊಂಡು ನಿಲ್ಲುತ್ತದೆ. ವಾಸಸ್ಥಾನ ಒಂದೇ ಎಂದ ಮಾತ್ರಕ್ಕೆ ಕುಲವೂ ಒಂದೇ ಎನ್ನಲಾಗದು. ಇಂದು ತಿಳಿದ ಮಟ್ಟಿಗೆ ಈ ಕುಟುಂಬದ ಅತ್ಯಂತ ಹಳೆಯ ಪಳೆಯುಳಿಕೆಗಳು ಈಯೊಸೀನ್ ಕಾಲದವು, ಎಂದರೆ ಮಹಾವಿಪತ್ತಿನ ಅನಂತರದವು. ಒಂದು ಕಲೆಯ ಓದು ಒಂದು ಕುಟುಂಬದ ಆಯುಷ್ಯವನ್ನು ಕೋಟಿಗಟ್ಟಲೆ ವರ್ಷಗಳಷ್ಟು ಬದಲಿಸಿತು.

ಭಾರತದ ಕಡಲೂ ಈ ಕಥೆಯಿಂದ ಹೊರತಲ್ಲ. ಬಂಗಾಳ ಕೊಲ್ಲಿಯ ಕೃಷ್ಣಾ–ಗೋದಾವರಿ ಸೀಮೆಯ ಕಡಲತಳದಿಂದ ತೆಗೆದ ಕೆಸರಿನ ಮಾದರಿಯಲ್ಲಿ ಕ್ಯಾಲಿಪ್ಟೊಜೀನ ಬಗೆಯ ಚಿಪ್ಪುಗಳು ಸಿಕ್ಕಿದುದನ್ನು ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ೨೦೦೯ರಲ್ಲಿ ಪ್ರಕಟಿಸಿದರು. ಹಿಂದೆ ಅಲ್ಲಿ ಮೀಥೇನ್ ಒಸರುತ್ತಿದ್ದುದಕ್ಕೆ ಆ ಚಿಪ್ಪುಗಳೇ ಸಾಕ್ಷಿ.

ವಿದ್ಯಾರ್ಥಿಗೆ ಅಭ್ಯಾಸ

ಆಳಗಡಲು ದೂರವೆಂದು ವಿದ್ಯಾರ್ಥಿಯು ಕೈಕಟ್ಟಿ ಕೂರಬೇಕಾಗಿಲ್ಲ. ದಕ್ಷಿಣದ ಕೆರೆಗಳಲ್ಲಿ ಲ್ಯಾಮೆಲಿಡೆನ್ಸ್ ಎಂಬ ಸಿಹಿನೀರಿನ ಕಪ್ಪೆಚಿಪ್ಪು ಬಾಳುತ್ತದೆ. ಬೇಸಗೆಯಲ್ಲಿ ಬತ್ತಿದ ಕೆರೆಯಂಗಳದಲ್ಲಿ ಬರಿದಾದ ಚಿಪ್ಪು ಸಿಕ್ಕಿದರೆ ಅದನ್ನು ತೊಳೆದು ಒಳಮೈಯನ್ನು ನೋಡಬೇಕು. ಮುತ್ತಿನ ಹೊಳಪು, ಹಿಂಬದಿಗೆ ಹಲಗೆಯಂತೆ ನೀಳವಾಗಿ ಸಾಗುವ ಕೀಲುಹಲ್ಲು, ಎರಡು ಸ್ನಾಯುಕಲೆಗಳು, ಬಾಗಿಲ್ಲದ ಕಂಚುಕರೇಖೆ, ಇವು ಕ್ರಮವಾಗಿ ಕಾಣುತ್ತವೆ. ಇಲ್ಲಿಯೂ ರೇಖೆಗೆ ಬಾಗಿಲ್ಲ, ಕ್ಯಾಲಿಪ್ಟೊಜೀನದಲ್ಲಿಯೂ ಇಲ್ಲ. ಆದರೂ ಇವೆರಡೂ ಬಂಧುಗಳಲ್ಲ. ಒಂದೇ ಗುರುತನ್ನು ಹಿಡಿದು ಕುಲವನ್ನು ಹೇಳಬಾರದೆಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಿಲ್ಲ.

ಅರಿಯಲೂರಿನ ಸುಣ್ಣಕಲ್ಲು ಸಿಮೆಂಟಿನ ಕಾರ್ಖಾನೆಗಳಿಗಾಗಿ ಅಗೆಯಲ್ಪಡುತ್ತಿದೆ. ಗಣಿಯು ಹೊಸ ಸ್ತರಗಳನ್ನು ತೆರೆದು ತೋರಿಸುವುದೂ ಉಂಟು, ಓದುವ ಮೊದಲೇ ಅವನ್ನು ಪುಡಿಮಾಡುವುದೂ ಉಂಟು. ಹರಿದ ಓಲೆಗರಿಗೆ ಪ್ರತಿ ಇರಬಹುದು. ಪುಡಿಯಾದ ಪಳೆಯುಳಿಕೆಗೆ ಪ್ರತಿಯಿಲ್ಲ. ಸ್ತರ ಯಾವುದು, ಊರು ಯಾವುದು ಎಂದು ಬರೆದಿಟ್ಟುಕೊಂಡು ಒಂದು ಚಿಪ್ಪನ್ನು ಕಾಪಾಡಿದ ವಿದ್ಯಾರ್ಥಿಯೂ ಈ ಶಾಸ್ತ್ರಕ್ಕೆ ಉಪಕಾರಿಯೇ ಸರಿ. ಮೊದಲು ನೋಡುವುದು, ಅನಂತರ ಹೋಲಿಸುವುದು, ದೋಷವನ್ನು ಪರಿಹರಿಸಿಕೊಳ್ಳುವುದು, ಕಡೆಯಲ್ಲಿ ಹೆಸರಿಡುವುದು: ಈ ಕ್ರಮವನ್ನು ಬಿಡದವನಿಗೆ ಕಲ್ಲೂ ಗ್ರಂಥವಾಗುತ್ತದೆ.