ತೊಗರಿ ರಾಶಿಗೆ ಮುನ್ನವೇ ಬರುವ ಕಾಲೇಜು ಫೀಸು



ದ್ವಿತೀಯ ಪಿಯುಸಿ ಫಲಿತಾಂಶ ಬಂದು ಕೆಲವು ವಾರಗಳಾದ ಮೇಲೆ, ಭಾನುವಾರದ ಬಲಿಪೂಜೆ ಮುಗಿದು ಎಲ್ಲರೂ ಚದುರಿದ ನಂತರ, ಗುರುನಿವಾಸದ ಕಟ್ಟೆಯ ಮೇಲೆ ಯಾರಾದರೊಬ್ಬ ತಂದೆ ಕುಳಿತಿರುತ್ತಾರೆ. ಆಳಂದದ ಕಡೆಯವರಿರಲಿ, ಅಫಜಲಪುರದ ಕಡೆಯವರಿರಲಿ, ಜೇವರ್ಗಿಯವರಿರಲಿ, ಮಾತು ಒಂದೇ. "ಫಾದರ್, ಹುಡುಗಿ ಪಾಸಾಗ್ಯಾಳ್ರಿ. ಖರೇ, ಮುಂದ ಓದಸಾಕ ರೊಕ್ಕ ಇಲ್ರಿ."

ಮೊದಲೆಲ್ಲ ನಾನು ಅವರಿಗೊಂದು ಶಿಫಾರಸು ಪತ್ರ ಬರೆದು ಕೊಟ್ಟು, ಯಾರಾದರೂ ಉಪಕಾರಿಗಳು ಸಿಕ್ಕಾರೆಂದು ಆಸೆ ಹುಟ್ಟಿಸಿ ಕಳುಹಿಸುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಮೂರು ಪ್ರಶ್ನೆ ಕೇಳುತ್ತೇನೆ. ಮಗುವಿನ ಜಾತಿ ಮತ್ತು ಆದಾಯ ಪ್ರಮಾಣಪತ್ರ ಇದೆಯೇ? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರೂ ಆಧಾರ್ ಕಾರ್ಡಿನ ಹೆಸರೂ ಒಂದೇ ಆಗಿವೆಯೇ? ಮಗುವಿನ ಹೆಸರಿನಲ್ಲಿ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಇದೆಯೇ? ಹತ್ತರಲ್ಲಿ ಎಂಟು ಜನ ಮೂರಕ್ಕೂ "ಇಲ್ಲ" ಎನ್ನುತ್ತಾರೆ. ರೊಕ್ಕವಿಲ್ಲ ಎಂಬುದು ನಿಜವೇ. ಆದರೆ ಬರಬೇಕಾದ ರೊಕ್ಕ ಬಾರದಂತೆ ತಡೆದು ನಿಂತದ್ದು ಬಹುಪಾಲು ಈ ಮೂರು ಕಾಗದಗಳೇ.

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿ ಹೇಳಿದ ಸಾಮತಿ ನಿಮಗೆ ಗೊತ್ತಿದೆ. ಅದರ ಪಾರಮಾರ್ಥಿಕ ಅರ್ಥವನ್ನು ಪ್ರಬೋಧನೆಯಲ್ಲಿ ಕೇಳಿದ್ದೀರಿ. ಇಂದು ಅದನ್ನು ಅಕ್ಷರಶಃ ತೆಗೆದುಕೊಂಡು ಲೆಕ್ಕಕ್ಕೇ ಕೂರೋಣ.

ಸರ್ಕಾರಿ ವಿಶ್ವವಿದ್ಯಾಲಯದ ಓದಿನಲ್ಲಿ ಬೋಧನಾ ಶುಲ್ಕ ಸಾಮಾನ್ಯವಾಗಿ ಚಿಕ್ಕ ಭಾಗ. ದೊಡ್ಡ ಭಾಗ ಊಟ, ವಸತಿ, ಓಡಾಟ. ಊರು ಬಿಟ್ಟು ಕಲಬುರಗಿಯಲ್ಲಿ ಕೋಣೆ ಹಿಡಿದ ಹುಡುಗನಿಗೆ ತಿಂಗಳಿಗೆ 4,000 ರೂಪಾಯಿ ಬೇಕು ಎಂದಿಟ್ಟುಕೊಳ್ಳಿ. ಹತ್ತು ತಿಂಗಳಿಗೆ 40,000. ಮೂರು ವರ್ಷಕ್ಕೆ 1,20,000. ಆದುದರಿಂದ ಖರ್ಚು ಇಳಿಸಬೇಕೆನ್ನುವವರು ಮೊದಲು ನೋಡಬೇಕಾದದ್ದು ಮಗು ರಾತ್ರಿ ಎಲ್ಲಿ ಮಲಗುತ್ತದೆ, ಎಲ್ಲಿ ಉಣ್ಣುತ್ತದೆ ಎಂಬುದನ್ನು. ಫೀಸಿನ ಮಾತು ಆಮೇಲೆ.

ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ಪದವಿಯನ್ನೇ ಅಲ್ಲಿಯೂ ಪಡೆಯಬಹುದು. ಬಿ.ಎ. ಅಥವಾ ಬಿ.ಕಾಂ. ಓದಲು ನಗರಕ್ಕೇ ಹೋಗಬೇಕೆಂಬ ಹಟವನ್ನು ನಾನು ಒಪ್ಪುವುದಿಲ್ಲ. ಮನೆಯಲ್ಲಿದ್ದು ಮೂರು ವರ್ಷ ಓದಿ, ಉಳಿದ ಹಣವನ್ನು ಸ್ನಾತಕೋತ್ತರ ಪದವಿಗೆ ಇಟ್ಟುಕೊಳ್ಳುವವನು ಬುದ್ಧಿವಂತ. ವಿಜ್ಞಾನದ ವಿಷಯ ಬೇರೆ. ಪ್ರಯೋಗಾಲಯ ನೋಡಿ ತೀರ್ಮಾನಿಸಿ.

ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆಳಂದವಾಗಲಿ ಜೇವರ್ಗಿಯಾಗಲಿ ಕಲಬುರಗಿಯಿಂದ ಸುಮಾರು 40 ಕಿ.ಮೀ. "ಬಸ್ ಚಾರ್ಜು ಯಾರು ಕೊಡಬೇಕು" ಎಂದು ಮಗಳನ್ನು ಮನೆಯಲ್ಲಿ ಕೂರಿಸುವ ಕಾಲ ಹೋಯಿತು. ಗಂಡುಮಕ್ಕಳು ವಿದ್ಯಾರ್ಥಿ ರಿಯಾಯಿತಿ ಪಾಸು ಮಾಡಿಸಿಕೊಳ್ಳಲಿ. ಅಫಜಲಪುರದ ಒಳಹಳ್ಳಿಗಳಿಂದ ದಿನವೂ ಹೋಗಿ ಬರುವುದು ಕಷ್ಟ. ಅಂಥವರು ಹಿಂದುಳಿದ ವರ್ಗಗಳ ಅಥವಾ ಅಲ್ಪಸಂಖ್ಯಾತರ ಇಲಾಖೆಯ ಮೆಟ್ರಿಕ್ ನಂತರದ ವಸತಿನಿಲಯಕ್ಕೆ ಅರ್ಜಿ ಹಾಕಬೇಕು. ಅಲ್ಲಿ ಜಾಗ ಸಿಗದಿದ್ದರೆ ವಿದ್ಯಾಸಿರಿ ಎಂಬ ಊಟ-ವಸತಿ ಸಹಾಯವಿದೆ. 2013-14ರಲ್ಲಿ ಅದು ಆರಂಭವಾದಾಗ ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ರೂಪಾಯಿ ಕೊಡುತ್ತಿದ್ದರು. ಈಗಿನ ಮೊತ್ತವನ್ನು ಇಲಾಖೆಯಲ್ಲಿ ವಿಚಾರಿಸಿ. ಹಾಸ್ಟೆಲ್ ಸಿಗಲಿಲ್ಲವೆಂದು ಸುಮ್ಮನಾಗುವವರು ಈ ಸಹಾಯವನ್ನೂ ಕಳೆದುಕೊಳ್ಳುತ್ತಾರೆ.

ಈಗ ಕಾಗದಗಳಿಗೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲಬೇಕು.

ನಮ್ಮ ಮನೆಗಳಲ್ಲಿ ಮಗುವಿಗೆ ಎರಡು ಹೆಸರು. ಜ್ಞಾನಸ್ನಾನದ ಪುಸ್ತಕದಲ್ಲಿ ಸಂತರ ಹೆಸರು, ಶಾಲೆಯ ದಾಖಲೆಯಲ್ಲಿ ಅಜ್ಜನ ಹೆಸರು. ಆಧಾರ್ ಮಾಡಿಸುವಾಗ ಕೂಲಿಗೆಂದು ಪುಣೆಯಲ್ಲೋ ಮುಂಬಯಿಯಲ್ಲೋ ಇದ್ದರೆ ಅಲ್ಲಿಯವರು ಬರೆದ ಮೂರನೆಯ ಹೆಸರು! ದೇವರಿಗೆ ಮೂರೂ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ರಾಜ್ಯದ ವಿದ್ಯಾರ್ಥಿವೇತನಗಳಿಗೆಲ್ಲ ಈಗ ಎಸ್.ಎಸ್.ಪಿ. ಎಂಬ ಒಂದೇ ಆನ್‌ಲೈನ್ ಬಾಗಿಲು. ಎಸ್ಸೆಸ್ಸೆಲ್ಸಿ ಹೆಸರಿಗೂ ಆಧಾರ್ ಹೆಸರಿಗೂ ತಾಳೆಯಾಗದಿದ್ದರೆ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಹೆಸರನ್ನು ಇಟ್ಟುಕೊಂಡು ಆಧಾರ್ ತಿದ್ದಿಸುವುದೇ ಸುಲಭ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಹೆಸರು ತಿದ್ದಿಸಲು ಜ್ಞಾನಸ್ನಾನದ ಪ್ರಮಾಣಪತ್ರ ಕೇಳಿಕೊಂಡು ಬಂದ. ಧ್ಯಾನಕೂಟವೊಂದರ ಓಡಾಟದಲ್ಲಿದ್ದ ನಾನು "ಮುಂದಿನ ವಾರ ಬಾ" ಎಂದೆ. ಮುಂದಿನ ವಾರ ಊರಿನಲ್ಲಿರಲಿಲ್ಲ. ಮೂರನೆಯ ವಾರ ಅವನಿಗೆ ಪತ್ರ ಸಿಕ್ಕಿತು. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನಾಂಕ ಮುಗಿದಿತ್ತು. ಆ ವರ್ಷ ಅವನು ಕಾಲೇಜು ಬಿಟ್ಟು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ, ಮರಳಿ ಓದಲಿಲ್ಲ. ಎದುರು ಸಿಕ್ಕರೆ ಈಗಲೂ ಗೌರವದಿಂದಲೇ ಮಾತನಾಡಿಸುತ್ತಾನೆ. ಅಂದಿನಿಂದ ಪ್ರಮಾಣಪತ್ರ ಕೇಳಿ ಬಂದವರನ್ನು ನಾನು ಬರಿಗೈಯಲ್ಲಿ ಕಳುಹಿಸಿಲ್ಲ.

ಎರಡನೆಯದು ಜಾತಿ ಪ್ರಮಾಣಪತ್ರ. ಇದು ಸೂಕ್ಷ್ಮ ವಿಷಯ, ಆದರೂ ಹೇಳಲೇಬೇಕು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು 3ಬಿ ಪ್ರವರ್ಗದಲ್ಲಿದ್ದಾರೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ-1ರಲ್ಲಿದ್ದಾರೆ. ನಮ್ಮಲ್ಲಿ ಅನೇಕ ಕುಟುಂಬಗಳು ಪ್ರವರ್ಗ-1ಕ್ಕೆ ಸೇರಿದವು. ಆದರೆ ನಾಡಕಚೇರಿಯಲ್ಲಿ ಕೇಳಿದವರಿಗೆ ಬರಿದೇ "ಕ್ರಿಶ್ಚಿಯನ್" ಎಂದು ಹೇಳಿ 3ಬಿ ಪತ್ರ ತಂದಿರುತ್ತಾರೆ. ಮೀಸಲಾತಿ, ಆದಾಯ ಮಿತಿ ಎಲ್ಲವೂ ಪ್ರವರ್ಗದ ಮೇಲೆ ನಿಂತಿವೆ. ತಂದೆಯ, ಅಜ್ಜನ ಶಾಲಾ ದಾಖಲೆ ತೆಗೆದುಕೊಂಡು ಹೋಗಿ ಸರಿಯಾದ ಪತ್ರವನ್ನೇ ಕೇಳಿ.

ಇನ್ನು ಕೆಲವರು ಮನೆಯಲ್ಲಿ ಕ್ರೈಸ್ತರಾಗಿದ್ದು ಕಾಗದದಲ್ಲಿ ಪರಿಶಿಷ್ಟ ಜಾತಿಯ ಪತ್ರ ಇಟ್ಟುಕೊಂಡಿದ್ದಾರೆ. ಅವರ ಮೇಲೆ ಕಲ್ಲು ಎಸೆಯಲು ನನಗೆ ಮನಸ್ಸಿಲ್ಲ. 1950ರ ರಾಷ್ಟ್ರಪತಿ ಆದೇಶ, ಅದಕ್ಕೆ 1956 ಮತ್ತು 1990ರಲ್ಲಿ ಆದ ತಿದ್ದುಪಡಿಗಳ ಪ್ರಕಾರ, ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಆ ಸ್ಥಾನ ಕೊಡುತ್ತದೆ. ದೇವಾಲಯಕ್ಕೆ ಬಂದವನ ಬಡತನವೂ ಊರಿನವರ ತಿರಸ್ಕಾರವೂ ಜ್ಞಾನಸ್ನಾನದ ನೀರಿನಲ್ಲಿ ತೊಳೆದುಹೋಗುವುದಿಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಈ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ನೇಮಿಸಿತು. ಆದರೆ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಕ್ರೈಸ್ತ ಧರ್ಮವನ್ನು ಆಚರಿಸುತ್ತಿದ್ದ ಪುದುಚೇರಿಯ ಮಹಿಳೆಯೊಬ್ಬರಿಗೆ ಪರಿಶಿಷ್ಟ ಜಾತಿ ಪತ್ರ ಕೊಡಲಾಗದೆಂದು ತೀರ್ಪಿತ್ತಿತು. ಹದಿನೆಂಟರ ಮಗುವಿನ ಹೆಗಲ ಮೇಲೆ ಜೀವನಪೂರ್ತಿ ಅಂಜುವಂತಹ ಕಾಗದವನ್ನು ಹೊರಿಸಬೇಡಿ. ಪ್ರವರ್ಗ-1ರ ದಾರಿ ಕಿರಿದಾದರೂ ನೇರವಾಗಿದೆ.

ಮೂರನೆಯದು ನಮ್ಮ ಭಾಗದವರಿಗೆ ಮಾತ್ರ ಇರುವ ಕಾಗದ. ಸಂವಿಧಾನದ 371(ಜೆ) ವಿಧಿಯ ಮೇರೆಗೆ 2013ರಲ್ಲಿ ಹೊರಬಿದ್ದ ಆದೇಶದಂತೆ, ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳ ಲಭ್ಯ ಸೀಟುಗಳಲ್ಲಿ ಶೇ. 70, ಉಳಿದ ಕಡೆಯ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸ್ಥಳೀಯರಿಗೆ ಮೀಸಲು. ಅರ್ಹತಾ ಪತ್ರ ಕೊಡುವವರು ಕಲಬುರಗಿಯ ಉಪವಿಭಾಗಾಧಿಕಾರಿಗಳು. ಇದು ಖರ್ಚಿನ ವಿಷಯ ಹೇಗಾಯಿತೆಂದು ಕೇಳಬಹುದು. ಸರ್ಕಾರಿ ಸೀಟು ಸಿಕ್ಕ ಹುಡುಗ ಖಾಸಗಿ ಕಾಲೇಜಿನ ಶುಲ್ಕದಿಂದ ಉಳಿದುಕೊಳ್ಳುತ್ತಾನಲ್ಲವೇ? ಯಾವ ವಿದ್ಯಾರ್ಥಿವೇತನವೂ ಅಷ್ಟು ದೊಡ್ಡದಿರುವುದಿಲ್ಲ.

ಆಳಂದ ತಾಲೂಕಿನ ಕಡಗಂಚಿಯಲ್ಲೇ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ, 2009ರಲ್ಲಿ ಸ್ಥಾಪನೆಯಾದದ್ದು. ದೇಶದ ನಾನಾ ಕಡೆಯ ಮಕ್ಕಳು ರೈಲು ಹತ್ತಿ ಅಲ್ಲಿಗೆ ಬರುತ್ತಾರೆ. ಪಕ್ಕದ ಹಳ್ಳಿಯ ನಮ್ಮ ಮಕ್ಕಳು ಅದರ ಕಾಂಪೌಂಡ್ ಗೋಡೆಯನ್ನು ಬಸ್ಸಿನ ಕಿಟಕಿಯಿಂದ ನೋಡಿಕೊಂಡು ಹೋಗುತ್ತಾರೆ. ಅಲ್ಲಿ ಸೇರಲು ಸಿ.ಯು.ಇ.ಟಿ. ಪ್ರವೇಶ ಪರೀಕ್ಷೆ ಬರೆಯಬೇಕು. ಅದರ ಅರ್ಜಿ ಪಿಯುಸಿ ಫಲಿತಾಂಶಕ್ಕಿಂತ ಮೊದಲೇ ಬರುತ್ತದೆ, ಫಲಿತಾಂಶ ಬಂದ ಮೇಲೆ ಎಚ್ಚೆತ್ತವರಿಗೆ ಆ ವರ್ಷ ಬಾಗಿಲು ಮುಚ್ಚಿದೆ ಎಂದೇ ಅರ್ಥ. ಅಲ್ಲಿ ನಡೆಯುವುದು ಕೇಂದ್ರದ ಪಟ್ಟಿ, ರಾಜ್ಯದ 3ಬಿ ಅಲ್ಲ. ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಹೆಸರಿಲ್ಲದ ಕ್ರೈಸ್ತ ಕುಟುಂಬ, ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ, ಜಮೀನು 5 ಎಕರೆಗಿಂತ ಕಡಿಮೆ ಇದ್ದರೆ, ಆರ್ಥಿಕವಾಗಿ ದುರ್ಬಲ ವರ್ಗದ ಪತ್ರ ಕೇಳಬಹುದು. ಇದನ್ನು ನಮ್ಮವರು ಕೇಳುವುದೇ ಇಲ್ಲ.

ಇನ್ನು ಹಣ ಬರುವ ದಾರಿಗಳು. ಎಸ್.ಎಸ್.ಪಿ.ಯ ಮೂಲಕ ಬರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಮತ್ತು ಶುಲ್ಕ ವಿನಾಯಿತಿ ಎಲ್ಲರಿಗೂ ತಿಳಿದವೇ. ತಿಳಿಯದೆ ಹೋಗುವುದು ಕೇಂದ್ರ ವಲಯದ ವಿದ್ಯಾರ್ಥಿವೇತನ. ಪಿಯುಸಿ ಮಂಡಳಿಯ ಪರೀಕ್ಷೆಯಲ್ಲಿ ತಮ್ಮ ವಿಭಾಗದ ಮೊದಲ ಶೇ. 20ರೊಳಗೆ ಬಂದವರಿಗೆ, ಕುಟುಂಬದ ಆದಾಯ 4.5 ಲಕ್ಷದೊಳಗಿದ್ದರೆ, ಪದವಿಯ ಮೂರು ವರ್ಷ ವರ್ಷಕ್ಕೆ 12,000, ಸ್ನಾತಕೋತ್ತರದಲ್ಲಿ 20,000 ರೂಪಾಯಿ. ಅರ್ಧದಷ್ಟು ಹೆಣ್ಣುಮಕ್ಕಳಿಗೆ. ಶೇ. 80 ಅಂಕ ಬೇಕೆಂದು ಅನೇಕ ಅಧ್ಯಾಪಕರೂ ತಪ್ಪಾಗಿ ಹೇಳುತ್ತಾರೆ. ಅದು ಅಂಕವಲ್ಲ, ಸಾಲಿನಲ್ಲಿ ನಿಂತ ಸ್ಥಾನ. ಕಲಾ ವಿಭಾಗದ ಗೆರೆಯೇ ಬೇರೆ, ವಿಜ್ಞಾನದ ಗೆರೆಯೇ ಬೇರೆ. ನವೀಕರಣಕ್ಕೆ ಪ್ರತಿ ವರ್ಷ ಶೇ. 50 ಅಂಕ, ಶೇ. 75 ಹಾಜರಿ ಬೇಕು. ತೊಗರಿ ರಾಶಿಯ ಕಾಲದಲ್ಲಿ ಮಗನನ್ನು ತಿಂಗಳುಗಟ್ಟಲೆ ಹೊಲಕ್ಕೆ ಕರೆಯುವ ತಂದೆಯರು ಈ ಹಾಜರಿಯನ್ನು ನೆನಪಿಡಿ.

ಹತ್ತನೆಯ ತರಗತಿಯನ್ನೂ ಪಿಯುಸಿಯನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿ ಪದವಿಯ ಮೊದಲ ವರ್ಷಕ್ಕೆ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. 2025ರಲ್ಲಿ ಅದು ನಮ್ಮ ರಾಜ್ಯಕ್ಕೂ ಬಂತು. ಮೇಲೆ ಹಾಕಿದ ಲೆಕ್ಕದ 40,000ದ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಕಟ್ಟಡ ಕೆಲಸಕ್ಕೆ ಹೋಗುವವರು ವರ್ಷದಲ್ಲಿ 90 ದಿನ ದುಡಿದಿದ್ದರೆ ಕಾರ್ಮಿಕ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಮಕ್ಕಳ ಓದಿಗೂ ಅಲ್ಲಿ ಸಹಾಯಧನವಿದೆ. ಕೇಂದ್ರದ ಅಲ್ಪಸಂಖ್ಯಾತರ ಯೋಜನೆಗಳನ್ನು ಮಾತ್ರ ನಂಬಿ ಕೂರಬೇಡಿ. ಸಂಶೋಧನೆ ಮಾಡುವವರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ 2022ರಲ್ಲಿ ನಿಂತುಹೋಯಿತು, ಒಂದರಿಂದ ಎಂಟನೆಯ ತರಗತಿಯವರಿಗಿದ್ದ ವೇತನವೂ ಅದೇ ವರ್ಷ ನಿಂತಿತು. ಸಾಲ ಎಲ್ಲಕ್ಕಿಂತ ಕೊನೆಗೆ.

ಕೇಳಲು ನಾಚಿಕೆ ಎನ್ನುವವರಿದ್ದಾರೆ. "ನಾವೇನು ಭಿಕ್ಷುಕರೇನ್ರಿ?" ಸಂತ ತೋಮಾಸ್ ಅಕ್ವಿನಾಸರು ದಾನ ಬೇರೆ, ವಿತರಣಾ ನ್ಯಾಯ ಬೇರೆ ಎಂದು ವಿಂಗಡಿಸುತ್ತಾರೆ. ಸಮುದಾಯದ ಸೊತ್ತಿನಿಂದ ಸದಸ್ಯನಿಗೆ ಸಲ್ಲಬೇಕಾದ ಪಾಲು ನ್ಯಾಯದ ಬಾಕಿ. ಬೆಂಕಿಪೊಟ್ಟಣ ಕೊಳ್ಳುವಾಗಲೂ ತೆರಿಗೆ ಕಟ್ಟುವವರು ನೀವು.

ಕೊನೆಯದಾಗಿ ಒಂದು ಕಷ್ಟವಿದೆ, ಅದಕ್ಕೆ ಸರ್ಕಾರದ ಬಳಿ ಉತ್ತರವಿಲ್ಲ. ಕಾಲೇಜಿನವರು ಫೀಸು ಕೇಳುವುದು ಜೂನ್‌ನಿಂದ ಆಗಸ್ಟಿನೊಳಗೆ. ಆಗ ಬೀಜ-ಗೊಬ್ಬರಕ್ಕೆ ಇದ್ದಬದ್ದ ಹಣವೆಲ್ಲ ನೆಲದೊಳಗೆ ಹೋಗಿರುತ್ತದೆ. ತೊಗರಿ ಮನೆಗೆ ಬರುವುದು ಡಿಸೆಂಬರ್-ಜನವರಿಗೆ. ವಿದ್ಯಾರ್ಥಿವೇತನವೋ, ಅದಕ್ಕೂ ತಡವಾಗಿ ಬರಬಹುದು. ಈ ಆರೆಂಟು ತಿಂಗಳ ಕಂದಕದಲ್ಲೇ ನಮ್ಮ ಮಕ್ಕಳು ಬೀಳುತ್ತಾರೆ. ಬಡ್ಡಿ ಸಾಲದವನು ಕಾದಿರುವುದೂ ಅಲ್ಲೇ. ನಮ್ಮ ಧರ್ಮಕೇಂದ್ರದ ಮಹಿಳಾ ಸ್ವಸಹಾಯ ಸಂಘದವರೊಡನೆ ಈ ಬಗ್ಗೆ ಮಾತನಾಡಿದ್ದೇನೆ. ಪ್ರವೇಶದ ಸಮಯಕ್ಕೆ ಸಣ್ಣ ಮೊತ್ತ ಕೊಟ್ಟು, ವೇತನ ಬಂದಾಗ ಬಡ್ಡಿಯಿಲ್ಲದೆ ಮರಳಿ ಪಡೆಯುವ ನಿಧಿಯೊಂದನ್ನು ಹಬ್ಬದ ಖರ್ಚಿನಲ್ಲಿ ಉಳಿಸಿ ಕಟ್ಟಬಹುದೆಂದು ಅವರೇ ಹೇಳಿದರು. ಪೆಂಡಾಲು, ಮೈಕಿನ ಖರ್ಚು ಕಡಿಮೆಯಾದರೆ ಸಂತರೇನೂ ಕೋಪಿಸಿಕೊಳ್ಳಲಾರರು ಎಂದೂ ಸೇರಿಸಿದರು.

ಒಂದು ಮಾತು ಮರೆತೆ. ಸರ್ಕಾರದ ಹಣ ನೀವು ಬರೆದುಕೊಟ್ಟ ಖಾತೆಗೆ ಬರುವುದಿಲ್ಲ, ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಮೊಬೈಲ್ ಸಿಮ್ ಕೊಳ್ಳುವಾಗ ತೆರೆದು ಮರೆತುಬಿಟ್ಟ ಖಾತೆಯಲ್ಲಿ ಮಗಳ ಎರಡು ವರ್ಷದ ಹಣ ಬಿದ್ದಿದ್ದನ್ನು ನಾನೇ ನೋಡಿದ್ದೇನೆ. "ಹಣ ಬಂದಿಲ್ಲ" ಎಂದು ಕಾಲೇಜಿನವರೊಡನೆ ಜಗಳಕ್ಕೆ ನಿಲ್ಲುವ ಮೊದಲು ಬ್ಯಾಂಕಿಗೆ ಹೋಗಿ ಆಧಾರ್ ಎಲ್ಲಿ ಜೋಡಣೆಯಾಗಿದೆ ಎಂದು ಕೇಳಿ. ಮಗು ಈಗ ಪ್ರಥಮ ಪಿಯುಸಿಯಲ್ಲಿದ್ದರೆ ಈ ವಾರವೇ ಹೋಗಿ.